ಹನ್ನೊಂದು ಗಂಟೆಯ ಹಸಿರು ಗೆರೆ

ಮೊನ್ನೆ ಉಪ್ಪಲ್‌ನಲ್ಲಿ ಮೆಟ್ರೋ ಹತ್ತಿದೆ. ಎದುರಿನ ಸೀಟಿನಲ್ಲಿದ್ದ ಹೆಂಗಸು ಮಡಿಲಲ್ಲಿ ದೊಡ್ಡದೊಂದು ಪ್ಲಾಸ್ಟಿಕ್ ಡಬ್ಬ ಇಟ್ಟುಕೊಂಡು ಕುಳಿತಿದ್ದರು. ಬಾಯಿಗೆ ಬಟ್ಟೆ ಕಟ್ಟಿ, ಮೇಲೆ ಕವರು ಸುತ್ತಿ, ದಾರ ಬಿಗಿದು ಏನೆಲ್ಲ ಬಂದೋಬಸ್ತು ಮಾಡಿದ್ದರೂ ವಾಸನೆ ತಡೆಯುವುದು ಅವರ ಕೈಯಲ್ಲಿ ಆಗಿರಲಿಲ್ಲ. ಆಗಷ್ಟೇ ಕಲಸಿದ ಆವಕಾಯ. ಸಾಸಿವೆ ಪುಡಿ, ಎಳ್ಳೆಣ್ಣೆ, ಹಸಿ ಮಾವು. ಮಗಳ ಮನೆಗೆ ಹೊರಟಿದ್ದಿರಬೇಕು. ಏಸಿಯ ತಣ್ಣನೆಯ ಗಾಳಿಯಲ್ಲಿ ಆ ಘಾಟು ಮೂಗಿಗೆ ಹೊಡೆದದ್ದೇ ತಡ ನನಗೆ ಸೀನು ಬಂತು. ಸೀನಿನ ಬೆನ್ನಿಗೇ ಸುಷ್ಮಾ ನೆನಪಾದಳು.

ಹಳೆಯ ವಾಸನೆ ಮೂಗಿಗೆ ಬಿದ್ದರೆ ಜನ ಅಮ್ಮನನ್ನು ನೆನೆಯುತ್ತಾರೆ, ಹುಟ್ಟಿದೂರನ್ನು ನೆನೆಯುತ್ತಾರೆ. ನನಗೆ ನೆನಪಾಗುವುದು ನಾನು ಬದುಕಿನಲ್ಲಿ ಅತಿ ಹೆಚ್ಚು ಹೊಟ್ಟೆಕಿಚ್ಚುಪಟ್ಟ ಹುಡುಗಿ. ಪ್ರೀತಿಸಿದವರ ಬಗ್ಗೆ ಎಲ್ಲರೂ ಬರೆಯುತ್ತಾರೆ. ಹೊಟ್ಟೆಕಿಚ್ಚುಪಟ್ಟವರನ್ನು ಕೂಡ ನಾವು ಅಷ್ಟೇ ಹತ್ತಿರದಿಂದ ನೋಡಿರುತ್ತೇವೆ, ಅಷ್ಟೇ ಹೊತ್ತು ಯೋಚಿಸಿರುತ್ತೇವೆ. ಅವರ ಬಗ್ಗೆ ಯಾರೂ ಯಾಕೆ ಬರೆಯುವುದಿಲ್ಲವೋ ನನಗೆ ಗೊತ್ತಿಲ್ಲ.

ಆಗ ಹೈದರಾಬಾದಿನಲ್ಲಿ ಮೆಟ್ರೋ ಇರಲಿಲ್ಲ. ಮಾದಾಪುರದಲ್ಲಿ ಬಂಡೆಗಳನ್ನು ಸಿಡಿಸಿ ಸಿಡಿಸಿ ಗಾಜಿನ ಕಟ್ಟಡ ಎಬ್ಬಿಸುತ್ತಿದ್ದ ಕಾಲ. ಮಧ್ಯಾಹ್ನ ಎಲ್ಲೋ ಢಮ್ ಎಂದರೆ ನಮ್ಮ ಮೇಜಿನ ಮೇಲಿನ ನೀರು ಅಲುಗುತ್ತಿತ್ತು, ಯಾರೂ ತಲೆ ಎತ್ತಿ ನೋಡುತ್ತಿರಲಿಲ್ಲ. ಇವತ್ತು ಪಕ್ಕದಲ್ಲಿ ಕೂತಿದ್ದವರು ಮುಂದಿನ ತಿಂಗಳು ಇನ್ನೊಂದು ಕಂಪನಿಯ ಬ್ಯಾಡ್ಜು ನೇತುಹಾಕಿಕೊಂಡು ಅದೇ ಹೋಟೆಲಿನಲ್ಲಿ ಬಿರಿಯಾನಿಗೆ ಸಿಗುತ್ತಿದ್ದರು. ನಾನು ರಾಯಚೂರಿನವಳು. ದಿಲ್‌ಸುಖ್‌ನಗರದಲ್ಲಿ ಬಾಗಲಕೋಟೆ ಕಡೆಯ ಹೆಂಗಸೊಬ್ಬರ, ನಾವೆಲ್ಲ ಕಾಕು ಎನ್ನುತ್ತಿದ್ದವರ, ಮನೆಯ ಮಹಡಿಯಲ್ಲಿ ಬೇರೆ ಹುಡುಗಿಯರ ಜೊತೆ ಇದ್ದೆ. ಕಂಪನಿಯ ಕ್ಯಾಬು ಬೆಳಿಗ್ಗೆ ಬಂದು ಕರೆದೊಯ್ಯುತ್ತಿತ್ತು. ಬೇಸಿಗೆ ಬಂತೆಂದರೆ ಹತ್ತಿರದ ಹಣ್ಣಿನ ಮಾರುಕಟ್ಟೆಗೆ ಬರುವ ಮಾವಿನ ಲಾರಿಗಳ ಹಿಂದೆ ಸಿಕ್ಕಿಹಾಕಿಕೊಂಡು, ಬೆವರುತ್ತ, ಹಣ್ಣಿನ ವಾಸನೆ ಕುಡಿಯುತ್ತ, ಊರಿನ ಈ ತುದಿಯಿಂದ ಆ ತುದಿಗೆ ಹೋಗುವುದು.

ನಮ್ಮ ಕೆಲಸ ಏನೆಂದು ಮನೆಯವರಿಗೆ ಹೇಳುವುದೇ ಒಂದು ಕೆಲಸವಾಗಿತ್ತು. ಬೇರೆ ಬೇರೆ ಕಂಪನಿಗಳ ಸರ್ವರುಗಳನ್ನು ನಾವು ನೋಡಿಕೊಳ್ಳುತ್ತಿದ್ದೆವು. ಮೊದಲು ಒಂದೊಂದು ಕಂಪನಿಗೆ ಒಂದೊಂದು ಕಬ್ಬಿಣದ ಪೆಟ್ಟಿಗೆ ಇರುತ್ತಿತ್ತು. ಆ ವರ್ಷ ಅವೆಲ್ಲವನ್ನೂ ವರ್ಚುವಲ್ ಮಷಿನ್ ಮಾಡಿದರು. ಅಂದರೆ ದೊಡ್ಡದೊಂದು ಯಂತ್ರದ ಹೊಟ್ಟೆಯೊಳಗೆ ಹತ್ತಾರು ಸಣ್ಣ ಯಂತ್ರಗಳು, ಕೈಗೆ ಸಿಗದವು. ಒಂದೊಂದೂ ತಾನೇ ಇಡೀ ಯಂತ್ರವೆಂದು ನಂಬಿಕೊಂಡಿರುತ್ತದೆ. ನಿಜದಲ್ಲಿ ಅದೊಂದು ವಠಾರ, ನಲ್ಲಿ ಒಂದೇ. ಒಂದು ಮನೆಯವರು ಬಟ್ಟೆ ಒಗೆಯಲು ಕೂತರೆ ಇನ್ನೊಂದು ಮನೆಯ ಕೊಡ ತುಂಬುವುದಿಲ್ಲ. ಕಾಕುಗೆ ಹೀಗೆ ಹೇಳಿದ ಮೇಲೆಯೇ ಅರ್ಥವಾದದ್ದು.

"ಅಂದ್ರ ನೀವು ನಲ್ಲಿ ಮುಂದ ಕುಂತು ಯಾರ ಕೊಡ ಎಷ್ಟು ತುಂಬೇತಿ ಅಂತ ಬರಕೋತೀರಿ" ಎಂದರು.

ಹಾಗೇ. ಐದೈದು ನಿಮಿಷಕ್ಕೊಮ್ಮೆ ಒಂದು ಪ್ರೋಗ್ರಾಮು ಎಲ್ಲ ಯಂತ್ರಗಳನ್ನೂ ವಿಚಾರಿಸಿಕೊಂಡು ಬಂದು, ಯಾವುದಕ್ಕೆ ಎಷ್ಟು ಭಾರ ಬಿದ್ದಿದೆ ಎಂದು ಒಂದೊಂದು ಚುಕ್ಕೆ ಇಡುತ್ತಿತ್ತು. ಚುಕ್ಕೆಗಳು ಸೇರಿ ಗೋಡೆಯ ದೊಡ್ಡ ಪರದೆಗಳ ಮೇಲೆ ಗೆರೆಯಾಗುತ್ತಿದ್ದವು. ಆರಾಮವಿದ್ದರೆ ಹಸಿರು, ಭಾರ ಹೆಚ್ಚಾದರೆ ಹಳದಿ, ಇನ್ನೂ ಹೆಚ್ಚಾದರೆ ಕೆಂಪು. ಆ ಪರದೆಗಳು ನನ್ನ ಪಾಲಿನ ಕೆಲಸ. ಒಂದು ದಿನ ಕಳೆದ ಮೇಲೆ ಆ ಚುಕ್ಕೆಗಳನ್ನೆಲ್ಲ ಒತ್ತಿ, ಸಣ್ಣದು ಮಾಡಿ, ಮುಂದೆ ಬೇಕಾದರೆ ಇರಲಿ ಎಂದು ಎತ್ತಿಡಬೇಕಿತ್ತು. ಎತ್ತಿಡುವ ಸರ್ವರಿಗೆ ನಾವೆಲ್ಲ ಜಾಡಿ ಎನ್ನುತ್ತಿದ್ದೆವು. ಹೆಸರಿಟ್ಟವರು ನಮ್ಮ ಮ್ಯಾನೇಜರ್ ಪ್ರಸಾದ್ ಗಾರು. ಗುಂಟೂರಿನವರು, ಉಪ್ಪಿನಕಾಯಿ ಇಲ್ಲದೆ ಮೀಟಿಂಗ್ ಕೂಡ ಮಾಡದವರು. ಚುಕ್ಕೆ ಇಡುವ ಪ್ರೋಗ್ರಾಮು ಇದ್ದದ್ದೂ ಆ ಜಾಡಿಯಲ್ಲೇ. ಮೊದಲು ಅದು ಮೇಜಿನ ಕೆಳಗೆ ಬುಸುಗುಡುವ ಪೆಟ್ಟಿಗೆಯಾಗಿತ್ತು. ಚಳಿಗಾಲದಲ್ಲಿ ನಾನು ಅದಕ್ಕೆ ಪಾದ ತಾಗಿಸಿಕೊಂಡು ಕೂರುತ್ತಿದ್ದೆ. ಆ ವರ್ಷ ಅದನ್ನೂ ವಠಾರಕ್ಕೆ ಸೇರಿಸಿದರು.

ಯುಗಾದಿಗೆ ಮುಂಚೆ ನಮ್ಮ ಲೀಡ್ ಆಗಿದ್ದವರು ಬೇರೆ ಕಂಪನಿಗೆ ಹಾರಿದರು. ಅವರ ಕುರ್ಚಿ ಖಾಲಿಯಾಯಿತು. ಇಡೀ ಮಹಡಿಯಲ್ಲಿ ಕಿಟಕಿಯ ಪಕ್ಕ ಇದ್ದದ್ದು ಅದೊಂದೇ. ಅಲ್ಲಿಂದ ಒಂದಿಷ್ಟು ಬಂಡೆ, ಬಂಡೆಗಳ ಹಿಂದೆ ಕೆರೆಯ ತುಣುಕು, ರಸ್ತೆಯಾಚೆ ನಮ್ಮದೇ ಕಂಪನಿ ಬಾಡಿಗೆ ಹಿಡಿದಿದ್ದ ಇನ್ನೊಂದು ಕಟ್ಟಡ, ಅದರ ಬುಡದಲ್ಲಿ ಒಂದು ಚಹಾದ ಅಂಗಡಿ ಕಾಣುತ್ತಿದ್ದವು. ನಮ್ಮಂಥವರು ಕೂರುತ್ತಿದ್ದ ಕಡೆಯಿಂದ ಪರದೆ ಬಿಟ್ಟರೆ ಏನೂ ಕಾಣುತ್ತಿರಲಿಲ್ಲ. ಹಗಲೋ ರಾತ್ರಿಯೋ ತಿಳಿಯುತ್ತಿರಲಿಲ್ಲ. ಇರುವವರಲ್ಲಿ ನಾನೇ ಹಿರಿಯಳು, ಕುರ್ಚಿ ನನ್ನದೇ ಎಂದು ಖಾತ್ರಿ ಮಾಡಿಕೊಂಡೆ. ಖಾತ್ರಿ ಮಾಡಿಕೊಂಡದ್ದಷ್ಟೇ ಅಲ್ಲ, ರಾಯಚೂರಿಗೆ ಫೋನು ಮಾಡಿ ಹೇಳಿಯೂಬಿಟ್ಟೆ. ಅಪ್ಪ ಓಣಿಗೆಲ್ಲ ಹೇಳಿದರು. ಇತ್ತ ಕಾಕು ಮಾದಲಿ ಮಾಡಿ ಮಹಡಿಯ ಹುಡುಗಿಯರಿಗೆಲ್ಲ ಹಾಲು ತುಪ್ಪ ಹಾಕಿ ಉಣಿಸಿದರು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವುದು ಅಂದರೆ ಇದೇ.

ಆಗ ಬಂದವಳು ಸುಷ್ಮಾ.

ಮೈಸೂರಿನವಳು. ನನಗಿಂತ ಎರಡೇ ವರ್ಷಕ್ಕೆ ಚಿಕ್ಕವಳು, ಆದರೂ ಮೊದಲ ದಿನವೇ "ಗಿರಿಜಕ್ಕ" ಎಂದಳು. ಇಡೀ ತಂಡದಲ್ಲಿ ಕನ್ನಡದವರು ನಾವಿಬ್ಬರೇ ಆದ್ದರಿಂದ ಅವಳನ್ನು ನನ್ನ ಪಕ್ಕ ಕೂರಿಸಿದರು. ಅವಳ ಕನ್ನಡ ರೇಡಿಯೋದಲ್ಲಿ ವಾರ್ತೆ ಓದುವವರ ಹಾಗಿತ್ತು. ಇಂಗ್ಲಿಷು ಅದಕ್ಕಿಂತ ನಯ. ನನ್ನದೋ, ಒಂದು ವಾಕ್ಯದಲ್ಲಿ ಕನ್ನಡ, ತೆಲುಗು, ಉರ್ದು ಮೂರೂ ಸಂಸಾರ ಮಾಡುತ್ತಿದ್ದವು. ರಾಯಚೂರಿನಲ್ಲಿ ಎಲ್ಲರೂ ಹಾಗೇ ಮಾತಾಡುವುದು, ಅದರಲ್ಲಿ ಹೆಚ್ಚುಗಾರಿಕೆ ಏನೂ ಇಲ್ಲ. ಅವಳು ಬಂದ ಮೇಲೆ ಮಾತ್ರ ನಾನು ಬಾಯಿ ಬಿಡುವ ಮುಂಚೆ ಒಂದು ಸಲ ಯೋಚಿಸಲು ಶುರುಮಾಡಿದೆ.

ಪ್ರಸಾದ್ ಗಾರು ಜಾಡಿಯನ್ನು ಅವಳಿಗೆ ವಹಿಸಿದರು. ಜಾಡಿ ಎಂದರೆ ಎಲ್ಲರೂ ಮೂಗು ಮುರಿಯುವ ಕೆಲಸ. ಹಳೆಯದೇನಾದರೂ ಬೇಕೆಂದರೆ ಅರ್ಧ ದಿನ ಹುಡುಕಬೇಕು. ಸುಷ್ಮಾ ಎರಡೇ ವಾರದಲ್ಲಿ ಅದನ್ನು ಅಡುಗೆಮನೆಯ ಕಪಾಟಿನ ಹಾಗೆ ಜೋಡಿಸಿಟ್ಟಳು. ಹೋದ ತಿಂಗಳ ಯಾವ ದಿನ ಕೇಳಿದರೂ ಕೇಳಿದವರು ನೀರು ಕುಡಿದು ಲೋಟ ಇಡುವಷ್ಟರಲ್ಲಿ ಗ್ರಾಫು ತೆಗೆದು ತೋರಿಸುತ್ತಿದ್ದಳು. "ಸುಷ್ಮಾ, ಸೂಪರ್ ಅಮ್ಮಾ!" ಎಂದರು ಪ್ರಸಾದ್ ಗಾರು, ಎಲ್ಲರೆದುರು. ನಾನು ಮೂರು ವರ್ಷದಿಂದ ಗೋಡೆ ನೋಡುತ್ತಿದ್ದೆ. ಒಂದು ಬಿಡಿ ಸೂಪರ್ ಕೂಡ ನನ್ನ ಕಡೆ ಬಂದಿರಲಿಲ್ಲ.

ಊಟದ ಹೊತ್ತಿಗೆ ಇನ್ನೊಂದು ಉರಿ. ತಂಡದ ತೆಲುಗು ಹುಡುಗರು ಡಬ್ಬಿ ತೆರೆದರೆ ಆ ಇಡೀ ಕೋಣೆಗೆ ಹೊಸ ಆವಕಾಯದ ಘಾಟು. ಏಸಿ ಅದನ್ನೇ ಸುತ್ತಿ ಸುತ್ತಿ ಉಗುಳುತ್ತಿತ್ತು. ಸುಷ್ಮಾ ಒಂದು ತುಣುಕು ಬಾಯಿಗಿಟ್ಟು, ಕಣ್ಣಲ್ಲಿ ನೀರು ತುಂಬಿಕೊಂಡು, "ಅಮ್ಮಾ!" ಎಂದು ನಗುತ್ತ ಇನ್ನೊಂದು ತುಣುಕಿಗೆ ಕೈ ಚಾಚಿದಳು. ಅಷ್ಟೇ ಸಾಕಾಯಿತು. ಮಾರನೆಯ ದಿನದಿಂದ ಒಬ್ಬೊಬ್ಬರ ಮನೆಯಿಂದ ಒಂದೊಂದು ನಮೂನೆ ಉಪ್ಪಿನಕಾಯಿ ಅವಳಿಗೆಂದೇ ಬರತೊಡಗಿತು. ನಾನು ಹುಟ್ಟಿದಾಗಿನಿಂದ ಅದನ್ನು ಕಣ್ಣಲ್ಲಿ ನೀರಿಲ್ಲದೆ ತಿಂದುಕೊಂಡು ಬಂದವಳು, ನನ್ನ ತಟ್ಟೆ ಕಡೆ ಯಾರು ನೋಡುತ್ತಾರೆ?

ಹೀಗೆ ನನ್ನ ನಿಗಾ ಗೋಡೆಯಿಂದ ಅವಳ ಮೇಲೆ ಬಂತು. ಅವಳು ಎಷ್ಟು ಹೊತ್ತಿಗೆ ಬರುತ್ತಾಳೆ, ಯಾರ ಮೇಜಿನ ಹತ್ತಿರ ನಿಲ್ಲುತ್ತಾಳೆ, ಪ್ರಸಾದ್ ಗಾರು ಅವಳನ್ನು ಎಷ್ಟು ಸಲ ಕರೆದರು, ಎಲ್ಲ ನನಗೆ ಬಾಯಿಪಾಠ. ದಿನಾ ಬೆಳಿಗ್ಗೆ ಹನ್ನೊಂದರ ಸುಮಾರಿಗೆ ಅವಳು ಕೀಬೋರ್ಡಿನ ಮೇಲೆ ಏನೋ ಒತ್ತಿ, ಕಪ್ಪು ತೆಗೆದುಕೊಂಡು ಎದ್ದು ಹೋಗುತ್ತಿದ್ದಳು. ಬಾಗಿಲಾಚೆ ಬಲಕ್ಕೆ ಚಹಾ ಮಾಡುವ ಯಾದಮ್ಮನ ಮೂಲೆ ಮತ್ತು ಮೆಟ್ಟಿಲು. ಪ್ರಸಾದ್ ಗಾರು ಅವರ ಕೋಣೆಯೂ ಅದೇ ಬಲಕ್ಕೆ. ಸ್ವಲ್ಪ ಹೊತ್ತಿಗೆ ಮುಖ ಅರಳಿಸಿಕೊಂಡು ವಾಪಸು ಬರುತ್ತಿದ್ದಳು. ಚಹಾ ಕುಡಿದವರ ಮುಖ ಹಾಗೆ ಅರಳುವುದಿಲ್ಲ ಎಂದು ನನ್ನ ವಾದ.

ರಾತ್ರಿ ಊಟಕ್ಕೆ ಕೂತಾಗ ಕಾಕು ಕೇಳಿದರು, "ಏನವಾ ಗಿರಿಜಾ, ಅನ್ನ ಬರೇ ಕಲಸಾಕತ್ತೀ, ಬಾಯಾಗ ಒಂದು ತುತ್ತೂ ಹೋಗವಲ್ದು?"

"ಆಕಿ ಇವತ್ತೂ ಹನ್ನೊಂದಕ್ಕ ಹೋದ್ಲರಿ ಕಾಕು. ಬರೂವಾಗ ಮುಖ ನೋಡಬೇಕಿತ್ತು ನೀವು."

"ದಿನಾ ಆಕಿ ಸುದ್ದೀನ. ಏನು ಉಟ್ಟಿದ್ಲು, ಏನು ತಿಂದ್ಲು, ಯಾವಾಗ ಎದ್ಲು. ನಮ್ಮ ಮನಿಯವ್ರು ಲಗ್ನಾದ ಹೊಸತಿನ್ಯಾಗೂ ನನ್ನ ಕಡೆ ಇಷ್ಟು ಲಕ್ಷ್ಯ ಕೊಟ್ಟಿದ್ದಿಲ್ಲ ತಗೋ."

ಮಹಡಿಯ ಹುಡುಗಿಯರೆಲ್ಲ ನಕ್ಕರು. ನಾನು ತಟ್ಟೆ ತಗೊಂಡು ಎದ್ದುಬಿಟ್ಟೆ.

ಬಿಸಿಲು ಏರಿತು, ಶಾಲೆಗಳಿಗೆ ರಜೆ ಬಂತು, ಮದುವೆಗಳು ಶುರುವಾದವು. ನಮ್ಮ ಗಿರಾಕಿಗಳಲ್ಲಿ ಬಸ್ ಟಿಕೆಟ್ ಮಾರುವ ಒಂದು ಕಂಪನಿ ಇತ್ತು. ಅವರಿಗೆ ಅದೇ ಸುಗ್ಗಿ. ಆ ಸುಗ್ಗಿಯ ನಡುವೆ ದಿನಾ ಬೆಳಿಗ್ಗೆ ಅವರ ಟಿಕೆಟಿನ ಪುಟ ಸ್ವಲ್ಪ ಹೊತ್ತು ಕಲ್ಲಾಗಿ ನಿಂತುಬಿಡತೊಡಗಿತು. ಹನ್ನೊಂದು ದಾಟುತ್ತಿದ್ದಂತೆ ಫೋನು. ವಿಜಯವಾಡದಲ್ಲಿ, ಕರ್ನೂಲಿನಲ್ಲಿ ಟಿಕೆಟ್ ಮಾರುವವರ ಕೂಗಾಟ. ಅವರ ಕಡೆಯ ಅಧಿಕಾರಿ ನನ್ನನ್ನೇ ಹಿಡಿದುಕೊಂಡು ಹಿಂದಿಯಲ್ಲಿ ಬಯ್ಯುತ್ತಿದ್ದರು. ನಾನು ತಲೆ ಎತ್ತಿ ಗೋಡೆ ನೋಡಿದರೆ ಅವರ ಯಂತ್ರದ ಗೆರೆ ಹಸಿರು. ಬರೀ ಹಸಿರಲ್ಲ, ದಿನದ ಬೇರೆ ಹೊತ್ತಿನಲ್ಲಿ ಮೇಲೆ ಕೆಳಗೆ ಕುಣಿಯುವ ಗೆರೆ ಆ ಹೊತ್ತಿಗೆ ಅಳತೆಪಟ್ಟಿ ಇಟ್ಟು ಎಳೆದಷ್ಟು ನೇರ. ಅಷ್ಟು ಶಾಂತವಾದ ಗೆರೆ ನಾನು ನೋಡಿರಲಿಲ್ಲ. "ಸಬ್ ಠೀಕ್ ಹೈ ಸರ್" ಎಂದರೆ ಆ ಕಡೆಯಿಂದ ಇನ್ನೂ ಬಯ್ಗುಳ.

ಒಂದು ವಾರದಲ್ಲಿ ಸರಿಹೋಗದಿದ್ದರೆ ಬೇರೆಯವರ ಬಳಿ ಹೋಗುತ್ತೇವೆ ಎಂದು ಅವರು ಪತ್ರ ಕಳಿಸಿದರು. ಪ್ರಸಾದ್ ಗಾರು ನಮ್ಮೆಲ್ಲರನ್ನೂ ನಿಲ್ಲಿಸಿಕೊಂಡು, ಖಾಲಿ ಕುರ್ಚಿಯ ಬೆನ್ನಿನ ಮೇಲೆ ಕೈಯಿಟ್ಟು, "ಈ ದೆಯ್ಯಾನ್ನಿ ಎವರು ಪಟ್ಟುಕುಂಟಾರೋ, ಈ ಕುರ್ಚೀ ವಾಳ್ಳದೇ" ಎಂದರು. ದೆವ್ವವನ್ನು ಯಾರು ಹಿಡಿದು ತರುತ್ತಾರೋ ಕುರ್ಚಿ ಅವರದು. ಹೇಳುವಾಗ ಅವರು ನೋಡಿದ್ದು ಸುಷ್ಮಾಳನ್ನೋ ನನ್ನನ್ನೋ ಎಂದು ನಾನು ಕ್ಯಾಬಿನಲ್ಲಿ ದಾರಿಯುದ್ದಕ್ಕೂ ಲೆಕ್ಕ ಹಾಕಿದೆ. ಓಣಿಯವರಿಗೆಲ್ಲ ಅಪ್ಪ ಹೇಳಿದ್ದು ನೆನಪಾಯಿತು. ತಿಂದ ಮಾದಲಿಯನ್ನು ವಾಪಸು ಕೊಡಲು ಬರುತ್ತದೆಯೇ?

ಇಬ್ಬರೂ ಹುಡುಕಿದೆವು. ಅವಳು ಜಾಡಿಯಿಂದ ಹಳೆಯ ದಿನಗಳನ್ನು ತೆಗೆದು, ಅಚ್ಚು ಹಾಕಿ, ತನ್ನ ಮೇಜಿನ ಸುತ್ತ ಅಂಟಿಸಿಕೊಂಡಳು. ನಾನು ಗೋಡೆಯ ಮೇಲೆ ಕಣ್ಣು ನೆಟ್ಟು ಕೂತೆ. ಅವಳು ನಡುನಡುವೆ "ಗಿರಿಜಕ್ಕ, ನಿಮಗೇನಾದ್ರೂ ಸಿಕ್ತಾ?" ಎಂದು ಕೇಳುತ್ತಿದ್ದಳು. "ಇಲ್ಲವಾ" ಎನ್ನುತ್ತಿದ್ದೆ. ಸಿಕ್ಕಿದ್ದರೂ ಅವಳಿಗೆ ಹೇಳುತ್ತಿದ್ದೆನೇ? ಇಬ್ಬರ ಗೆರೆಗಳೂ ಹಸಿರು, ಇಬ್ಬರ ಕೈಯೂ ಖಾಲಿ.

ಆ ನಡುವೆ ಅವಳ ದೊಡ್ಡಮ್ಮನ ಮಗಳ ಮದುವೆ ಬಂತು. ಮೂರು ದಿನ ರಜೆ ಹಾಕಿ ಮೈಸೂರಿಗೆ ಹೋದಳು. ಜಾಡಿಯ ಕೆಲಸ ಬಂದಮೇಲೆ ಒಟ್ಟಿಗೇ ಮಾಡುತ್ತೇನೆ, ಯಾರೂ ತೊಂದರೆ ತೆಗೆದುಕೊಳ್ಳುವುದು ಬೇಡ ಎಂದು ಹೇಳಿಹೋದಳು. ಆ ದಿನಗಳ ಸುಖ ಏನು ಹೇಳಲಿ. ಪಕ್ಕದ ಕುರ್ಚಿ ಖಾಲಿ. ಊಟದ ಹೊತ್ತಿಗೆ ಉಪ್ಪಿನಕಾಯಿ ನನ್ನ ಕಡೆಗೂ ಬಂತು. ಬಿಸಿಲಿನ ನಡುವೆ ಒಂದು ಅಡ್ಡಮಳೆ ಬಿದ್ದು ಬಂಡೆಗಳೆಲ್ಲ ಹೊಗೆಯಾಡಿದವು. ಮತ್ತು ಹನ್ನೊಂದು ಗಂಟೆಗೆ ಫೋನು ಬರಲಿಲ್ಲ. ಮಾರನೆಯ ದಿನವೂ ಬರಲಿಲ್ಲ. ಬಯ್ಯುವ ಅಧಿಕಾರಿ ತಾವಾಗಿ ಫೋನು ಮಾಡಿ "ಶುಕ್ರಿಯಾ ಮೇಡಂ" ಎಂದರು. ನೀನು ಏನು ಮಾಡಿದೆ ಎಂದು ಪ್ರಸಾದ್ ಗಾರು ಕೇಳಿದರು. ಏನೂ ಮಾಡಿಲ್ಲ ಎಂದೆ, ಅದು ನಿಜವೇ ಆಗಿತ್ತು. ಅವಳಿಲ್ಲದೆ ನಾನು ಆರಾಮ, ಸರ್ವರೂ ಆರಾಮ ಎಂದು ಮನಸ್ಸಿನಲ್ಲೇ ನಕ್ಕೆ.

ನಾಲ್ಕನೆಯ ದಿನ ಅವಳು ಬಂದಳು. ಕೈಗೆ ಮೆಹಂದಿ, ತಲೆಯಲ್ಲಿ ಬಾಡಿದ ಮೈಸೂರು ಮಲ್ಲಿಗೆ, ಎಲ್ಲರಿಗೂ ಮದುವೆಮನೆಯ ಕೊಬ್ಬರಿ ಮಿಠಾಯಿ. ನನಗೆ ಎರಡು ಕೊಟ್ಟಳು. ಹನ್ನೊಂದರ ಸುಮಾರಿಗೆ ಕೀಬೋರ್ಡಿನ ಮೇಲೆ ಏನೋ ಒತ್ತಿ, ಕಪ್ಪು ತೆಗೆದುಕೊಂಡು ಎದ್ದಳು. ನಾನು ರೂಢಿಯಂತೆ ಅವಳ ಬೆನ್ನು ನೋಡುತ್ತಿದ್ದೆ. ಬಾಗಿಲು ಮುಚ್ಚಿಕೊಂಡಿತು, ನನ್ನ ಫೋನು ಹೊಡೆದುಕೊಂಡಿತು. ಆವತ್ತು ಟಿಕೆಟಿನ ಪುಟ ಹಿಂದೆಂದೂ ನಿಲ್ಲದಷ್ಟು ಹೊತ್ತು ನಿಂತಿತು, ಮೂರು ದಿನದ್ದು ಒಟ್ಟಿಗೇ ತೀರಿಸಿದ ಹಾಗೆ.

ಮೂರು ದಿನದ್ದು ಒಟ್ಟಿಗೇ! ಅರ್ಧ ತಿಂದ ಮಿಠಾಯಿ ಕೈಯಲ್ಲಿ ಹಿಡಿದುಕೊಂಡೇ ನಾನು ಎದ್ದುನಿಂತೆ. ಅವಳು ಏಳುವ ಮುಂಚೆ ಒತ್ತಿ ಹಚ್ಚುತ್ತಿದ್ದುದು ಜಾಡಿ ತುಂಬುವ ಕೆಲಸವನ್ನು. ತಾನಾಗಿ ನಡೆಯಲು ಬಿಟ್ಟರೆ ಅದು ಆಗಾಗ ಅರ್ಧಕ್ಕೆ ನಿಲ್ಲುತ್ತಿದ್ದುದರಿಂದ ಅವಳು ಮುತುವರ್ಜಿಯಿಂದ ಕೈಯಾರೆ ಶುರುಮಾಡಿ ಚಹಾಕ್ಕೆ ಹೋಗುತ್ತಿದ್ದಳು, ಬರುವಷ್ಟರಲ್ಲಿ ಮುಗಿದಿರುತ್ತಿತ್ತು. ನಾನು ವಠಾರದ ಪಟ್ಟಿ ತೆಗೆದು ನೋಡಿದೆ. ಜಾಡಿಯನ್ನು ವರ್ಚುವಲ್ ಮಾಡುವಾಗ ಯಾರೋ ಅದನ್ನು ಟಿಕೆಟ್ ಕಂಪನಿಯ ಯಂತ್ರವಿದ್ದ ದೊಡ್ಡ ಯಂತ್ರದಲ್ಲೇ ಕೂರಿಸಿದ್ದರು. ಇಡೀ ದಿನದ ಚುಕ್ಕೆಗಳನ್ನು ಒತ್ತಿ ಸಣ್ಣದು ಮಾಡಲು ಜಾಡಿ ಇದ್ದ ನೀರೆಲ್ಲ ಎಳೆದುಕೊಳ್ಳುತ್ತಿತ್ತು, ಪಕ್ಕದ ಮನೆಯ ಕೊಡ ಬರಿದಾಗುತ್ತಿತ್ತು. ಹಾಗಿದ್ದರೆ ಗೋಡೆ ಯಾಕೆ ಕೆಂಪಾಗುತ್ತಿರಲಿಲ್ಲ? ಚುಕ್ಕೆ ಇಡುವ ಪ್ರೋಗ್ರಾಮು ಇದ್ದದ್ದೂ ಜಾಡಿಯಲ್ಲೇ ಅಲ್ಲವೇ. ಒತ್ತುವ ಕೆಲಸದಲ್ಲಿ ಮುಳುಗಿದ ಜಾಡಿ ಅಷ್ಟು ಹೊತ್ತು ಒಂದೂ ಚುಕ್ಕೆ ಇಡುತ್ತಿರಲಿಲ್ಲ. ಪರದೆಯೋ, ಚುಕ್ಕೆ ಇಲ್ಲದ ಜಾಗದಲ್ಲಿ ಹಿಂದಿನ ಚುಕ್ಕೆಗೂ ಮುಂದಿನ ಚುಕ್ಕೆಗೂ ಒಂದು ನೇರ ಗೆರೆ ಎಳೆದು ಹಸಿರು ಬಳಿಯುತ್ತಿತ್ತು. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದ್ದೆವು. ಕಾವಲುಗಾರನೇ ದಾರಿಗೆ ಅಡ್ಡ ಕೂತು, ಕಣ್ಣುಮುಚ್ಚಿಕೊಂಡು, ಎಲ್ಲ ಸುರಳೀತ ಎಂದು ಕೂಗುತ್ತಿದ್ದ.

ಮಾರನೆಯ ದಿನ ನಾನೇ ಟಿಕೆಟಿನ ಪುಟ ತೆರೆದಿಟ್ಟುಕೊಂಡು ಕೂತೆ. ಅವಳು ಒತ್ತಿ ಎದ್ದಳು, ಪುಟ ನಿಂತಿತು. ಅವಳು ಬಂದು ಕೂತಳು, ಪುಟ ನಡೆಯಿತು. ಅವಳು ಬರುವುದನ್ನು ನೋಡಿ ಖುಷಿಪಟ್ಟದ್ದು ಅದೇ ಮೊದಲು.

ಒಬ್ಬಳನ್ನೇ ಕರೆದು ಮೆಲ್ಲಗೆ ಹೇಳಬಹುದಿತ್ತಲ್ಲ ಎಂದು ಆಮೇಲೆ ಕಾಕು ಕೇಳಿದರು. ಕುರ್ಚಿ ಒಂದೇ ಇತ್ತು. ನಾನು ಮಧ್ಯಾಹ್ನದ ಮೀಟಿಂಗಿನಲ್ಲಿ, ಪ್ರಸಾದ್ ಗಾರು ಮತ್ತು ಇಡೀ ತಂಡದ ಎದುರು, ಎದ್ದುನಿಂತು ಹೇಳಿದೆ. ಸುಷ್ಮಾ ಜಾಡಿ ತುಂಬಲು ಹಚ್ಚಿ ಚಹಾಕ್ಕೆ ಹೋಗುತ್ತಾಳೆ, ದೆವ್ವ ಅದೇ ಎಂದೆ. ಪಟ್ಟಿ ತೋರಿಸಿದೆ, ರಜೆಯ ದಿನಗಳನ್ನು ತೋರಿಸಿದೆ. ಹೇಳುತ್ತ ಹೇಳುತ್ತ ಅವಳ ಮುಖವನ್ನೇ ನೋಡುತ್ತಿದ್ದೆ. ಆ ಮುಖ ಸಣ್ಣದಾಗುವುದನ್ನು ಒಂದು ಸಲ ಕಣ್ತುಂಬ ನೋಡಬೇಕಿತ್ತು ನನಗೆ.

ಮುಖ ಸಣ್ಣದಾಗಲಿಲ್ಲ. ಹಣೆಗೆ ಪಟ್ಟೆಂದು ಹೊಡೆದುಕೊಂಡಳು. "ಅಯ್ಯೋ ದೇವ್ರೇ! ಹೌದಲ್ವಾ! ಗಿರಿಜಕ್ಕ, ಹೌದಲ್ವಾ!" ಎಂದು ನಗುತ್ತ ಎದ್ದೇಬಿಟ್ಟಳು. ಹೋಗಿ ಬಿಳಿ ಹಲಗೆಯ ಮೇಲೆ ಜಾಡಿಯನ್ನೂ ಟಿಕೆಟಿನ ಯಂತ್ರವನ್ನೂ ಬರೆದು, ನಡುವಿನ ಚುಕ್ಕೆಗಳನ್ನು ಅಳಿಸಿ, ಗೆರೆ ಹೇಗೆ ನೇರವಾಯಿತೆಂದು ಎಲ್ಲರಿಗೂ ವಿವರಿಸತೊಡಗಿದಳು. ಅದೂ ತೆಲುಗಿನಲ್ಲಿ! ಎಡವುತ್ತ, ತಡವರಿಸುತ್ತ, "ತಪ್ಪು ನಾದೇ, ಗಿರಿಜಕ್ಕ ಪಟ್ಟುಕುಂದಿ" ಎಂದಳು. ತಪ್ಪು ನನ್ನದು, ಹಿಡಿದದ್ದು ಗಿರಿಜಕ್ಕ. ಮೂರು ತಿಂಗಳ ಹಿಂದೆ "ನೀಳ್ಳು" ಎಂದರೆ ನೀರು ಎಂದು ತಿಳಿಯದಿದ್ದ ಹುಡುಗಿ. ಹುಡುಗರೆಲ್ಲ ಮೇಜು ಕುಟ್ಟಿದರು, ಪ್ರಸಾದ್ ಗಾರು ಎದ್ದುನಿಂತು ಚಪ್ಪಾಳೆ ತಟ್ಟಿದರು.

ದೆವ್ವ ಹಿಡಿದವಳು ನಾನು, ಚಪ್ಪಾಳೆ ಅವಳ ತೆಲುಗಿಗೆ. ಹುಟ್ಟಿದಾಗಿನಿಂದ ನಾನು ಆಡುವ ತೆಲುಗಿಗೆ ಯಾರೂ ಚಪ್ಪಾಳೆ ತಟ್ಟಿದ್ದಿಲ್ಲ.

ಪ್ರಸಾದ್ ಗಾರು ಮಾತಿಗೆ ತಪ್ಪುವವರಲ್ಲ. ಆವತ್ತೇ ಸಂಜೆ ಕುರ್ಚಿ ನನಗೆ ಕೊಟ್ಟರು. ನನ್ನ ಸಾಮಾನು ಎತ್ತಿಕೊಂಡು ಕಿಟಕಿಯ ಹತ್ತಿರ ಹೋಗಲು ಸಹಾಯ ಮಾಡಿದವಳು ಸುಷ್ಮಾ. ನನ್ನ ಗಣಪತಿ, ನನ್ನ ಲೋಟ, ನನ್ನ ಸ್ವೆಟರು, ಎಲ್ಲ ಒಂದೇ ಸಲಕ್ಕೆ ತೋಳಲ್ಲಿ ತಬ್ಬಿಕೊಂಡು ತಂದಳು. ಆಮೇಲೆ ಚಹಾಕ್ಕೆಂದು ನನ್ನನ್ನು ಮೆಟ್ಟಿಲ ಹತ್ತಿರ ಕರೆದೊಯ್ದಳು.

"ಒಂದು ಕೇಳ್ಲಾ? ನಾನು ಒತ್ತೋ ಹೊತ್ತಿಗೇ ಪುಟ ನಿಲ್ಲುತ್ತೆ ಅಂತ ನಿಮಗೆ ಹೇಗೆ ಹೊಳೀತು? ನನಗೇ ಹೊಳೀಲಿಲ್ವಲ್ಲ."

ಹೇಳುವುದೋ ಬಿಡುವುದೋ ಎಂದು ಒಂದು ಗುಟುಕು ಚಹಾ ಕುಡಿದೆ. ಆಮೇಲೆ ಹೇಳಿಯೇಬಿಟ್ಟೆ. "ಖರೆ ಹೇಳ್ಲೇನು? ನೀ ಎದ್ದು ಹೋಗೂದನ್ನ ದಿನಾ ನೋಡ್ತಿದ್ದೆ. ಎಲ್ಲಿ ಹೊಕ್ಕಾಳ, ಯಾರ ಕೂಡ ಮಾತಾಡ್ತಾಳ ಅಂತ. ನಿನ್ನ ಕಂಡ್ರ ನನಗ ಭಾಳ ಹೊಟ್ಟಿಕಿಚ್ಚು ಐತಿ."

ಅವಳು ಕಪ್ಪು ಮೆಟ್ಟಿಲ ಮೇಲಿಟ್ಟು ನನ್ನನ್ನೇ ನೋಡಿದಳು. ಸಿಟ್ಟು ಮಾಡುತ್ತಾಳೆ ಎಂದುಕೊಂಡೆ, ಮಾಡಲಿ ಎಂದೂ ಅಂದುಕೊಂಡೆ.

"ನಾನು ಬರ್ತಿದ್ದಿದ್ದು ಇಲ್ಲಿಗೇ" ಎಂದಳು. "ಯಾದಮ್ಮನ ಹತ್ರ ತೆಲುಗು ಕಲಿಯೋಕೆ. ದಿನಕ್ಕೆ ಹತ್ತು ಮಾತು. ನೀವು ಕ್ಯಾಬಿನವರ ಜೊತೆ ಹಿಂದಿ, ಹುಡುಗರ ಜೊತೆ ತೆಲುಗು, ನನ್ನ ಜೊತೆ ಕನ್ನಡ ಅಂತ ಉಸಿರು ಬಿಟ್ಟಷ್ಟು ಸಲೀಸಾಗಿ ಆಡ್ತೀರಿ. ನಾನು ಎಲ್ಲದಕ್ಕೂ ನಕ್ಕು ಸುಮ್ಮನಾಗ್ತಿದ್ದೆ, ಯಾಕಂದ್ರೆ ಒಂದೂ ಅರ್ಥ ಆಗ್ತಿರ್ಲಿಲ್ಲ. ನಿಮ್ಮನ್ನ ನೋಡಿ ನನಗೂ ಹೊಟ್ಟೆ ಉರಿಯೋದು ಗಿರಿಜಕ್ಕ."

ಒಳಗಿನಿಂದ ಯಾದಮ್ಮ "ಏಮಂಟುಂದಿ ಪಿಲ್ಲ?" ಎಂದು ಕೂಗಿದಳು. ಹುಡುಗಿ ಏನನ್ನುತ್ತಿದ್ದಾಳೆ ಎಂದು. ಸುಷ್ಮಾ ಥಟ್ಟನೆ ತೆಲುಗಿನಲ್ಲೇ ಏನೋ ಉತ್ತರ ಕೊಟ್ಟಳು, ಇಬ್ಬರೂ ನಕ್ಕರು.

ಇದನ್ನು ಕೇಳಿದ ಮೇಲೆ ನನ್ನ ಉರಿ ಆರಬೇಕಿತ್ತು. ಕಥೆಗಳಲ್ಲಿ ಆರುತ್ತದೆ. ನನಗೆ ಇನ್ನೂ ಹೆಚ್ಚಾಯಿತು. ಇವಳಿಗೆ ಹೊಟ್ಟೆಕಿಚ್ಚು ಬಂದರೆ ಒಂದು ಭಾಷೆ ಕಲಿಯುತ್ತಾಳೆ. ನನಗೆ ಬಂದರೆ ನಾನು ಇವಳ ಬೆನ್ನು ನೋಡುತ್ತ ಕೂರುತ್ತೇನೆ. ಹೊಟ್ಟೆಕಿಚ್ಚು ಪಡುವುದರಲ್ಲಿಯೂ ಅವಳೇ ನನಗಿಂತ ಜಾಣೆ. ಆದರೂ ಅವಳು ನೀಡಿದ ಕೊಬ್ಬರಿ ಮಿಠಾಯಿಯ ಕೊನೆಯ ತುಣುಕನ್ನು ತಿಂದೆ, ಚೆನ್ನಾಗಿತ್ತು.

ಜಾಡಿಯನ್ನು ಬೇರೊಂದು ಯಂತ್ರಕ್ಕೆ ಒಂಟಿಯಾಗಿ ಸಾಗಿಸಿದೆವು. ತುಂಬುವ ಕೆಲಸವನ್ನು ಬೆಳಗಿನ ಜಾವಕ್ಕೆ, ತಾನಾಗಿ ಆಗುವ ಹಾಗೆ ಇಟ್ಟೆವು. ಚುಕ್ಕೆ ಇಲ್ಲದ ಕಡೆ ಗೆರೆ ಎಳೆಯಬಾರದು, ಖಾಲಿ ಬಿಡಬೇಕು ಎಂಬುದು ಲೀಡ್ ಆಗಿ ನಾನು ಮಾಡಿದ ಮೊದಲ ನಿಯಮ. ಟಿಕೆಟ್ ಕಂಪನಿಯವರು ಉಳಿದರು.

ಮಳೆ ಹಿಡಿಯಿತು. ಬಂಡೆಗಳು ಕಪ್ಪಾದವು, ಕೆರೆಯ ತುಣುಕು ಸ್ವಲ್ಪ ದೊಡ್ಡದಾಯಿತು. ಆಷಾಢದಲ್ಲಿ ಸುಷ್ಮಾಳನ್ನು ರಸ್ತೆಯಾಚೆಯ ಕಟ್ಟಡದಲ್ಲಿದ್ದ ದೊಡ್ಡದೊಂದು ಪ್ರಾಜೆಕ್ಟಿಗೆ ಕಳಿಸಿದರು. ಗಿರಾಕಿಗಳೊಂದಿಗೆ ಚೆನ್ನಾಗಿ ಮಾತಾಡುತ್ತಾಳೆ, ಈಗ ತೆಲುಗೂ ಬರುತ್ತದೆ ಎಂದು ಪ್ರಸಾದ್ ಗಾರು ಹೊಗಳಿ ಬೀಳ್ಕೊಟ್ಟರು. ಊಟದ ಕೋಣೆಯಲ್ಲಿ ಉಪ್ಪಿನಕಾಯಿಯ ಉಮೇದು ಇಳಿಯಿತು. ನನಗೆ ಇನ್ನು ಯಾರ ಅಡ್ಡಿಯೂ ಇರಲಿಲ್ಲ. ಅಪ್ಪ ಒಮ್ಮೆ ಬಂದು ಕುರ್ಚಿಯಲ್ಲಿ ಕೂತು ನೋಡಿ, ಓಣಿಗೆ ಹೇಳಿದ್ದು ಸುಳ್ಳಾಗಲಿಲ್ಲ ಎಂದು ಸಮಾಧಾನ ಪಟ್ಟುಕೊಂಡು ಹೋದರು.

ಅಷ್ಟು ಆಸೆಪಟ್ಟು ಗೆದ್ದ ಆ ಕಿಟಕಿಯಿಂದ ಏನು ಕಾಣುತ್ತಿತ್ತು ಎಂದು ಮೊದಲೇ ಹೇಳಿದ್ದೇನೆ. ಬಂಡೆ, ಕೆರೆ, ಎದುರಿನ ಕಟ್ಟಡ, ಅದರ ಬುಡದಲ್ಲಿ ಚಹಾದ ಅಂಗಡಿ. ದಿನಾ ಹನ್ನೊಂದರ ಸುಮಾರಿಗೆ ಸುಷ್ಮಾ ಅಲ್ಲಿಗೆ ಇಳಿದುಬರುತ್ತಿದ್ದಳು. ಸುತ್ತ ಹೊಸ ಜನ. ಮಳೆಯಿದ್ದರೆ ಒಂದೇ ಕೊಡೆಯ ಕೆಳಗೆ ಮೂರು ಮೂರು ಮಂದಿ ಒತ್ತಿಕೊಂಡು, ಕಪ್ಪು ಹಿಡಿದು, ಅವಳು ಏನೋ ಹೇಳುವುದು, ಅವರೆಲ್ಲ ನಗುವುದು. ಗಾಜಿನ ಈಚೆಗೆ ಸದ್ದು ಬರುತ್ತಿರಲಿಲ್ಲ. ಒಂದೊಂದು ಸಲ ತಲೆ ಎತ್ತಿ ನನ್ನ ಕಿಟಕಿಯ ಕಡೆ ಕೈ ಬೀಸುತ್ತಿದ್ದಳು. ಆ ಗಾಜು ಹೊರಗಿನಿಂದ ಕನ್ನಡಿ, ನಾನು ಅವಳಿಗೆ ಕಾಣುವುದಿಲ್ಲ ಎಂದು ಇಬ್ಬರಿಗೂ ಗೊತ್ತಿತ್ತು. ಕಿಟಕಿಗೆ ಪರದೆ ಇತ್ತು, ಹಗ್ಗ ನನ್ನ ಕೈಗೆಟಕುವಷ್ಟು ಹತ್ತಿರದಲ್ಲಿತ್ತು. ಆ ಕುರ್ಚಿಯಲ್ಲಿ ಕೂತಷ್ಟು ಕಾಲ ನಾನು ಒಂದು ದಿನವೂ ಅದನ್ನು ಇಳಿಸಲಿಲ್ಲ.

ಜಾಡಿ ತುಂಬಿದಾಗೆಲ್ಲ ಹಳೆಯದನ್ನು ಇನ್ನಷ್ಟು ಒತ್ತುವುದು ನಮ್ಮ ಪದ್ಧತಿ. ಐದು ನಿಮಿಷದ ಚುಕ್ಕೆಗಳು ಸರಾಸರಿಯಾಗಿ ಗಂಟೆಗೊಂದಾಗುತ್ತವೆ, ಗಂಟೆಯವು ದಿನಕ್ಕೊಂದಾಗುತ್ತವೆ, ಕೊನೆಗೆ ತಿಂಗಳಿಗೆ ಒಂದು ಚುಕ್ಕೆ ಉಳಿಯುತ್ತದೆ. ಆ ಬೇಸಿಗೆಯನ್ನು ಈಗ ಯಾರಾದರೂ ತೆಗೆದು ನೋಡಿದರೆ ಒಂದು ನೆಟ್ಟಗಿನ ಹಸಿರು ಗೆರೆ ಕಂಡೀತು, ಏನೂ ನಡೆದೇ ಇಲ್ಲ ಎನಿಸೀತು.

ರೈಲು ಮಾದಾಪುರ ಮುಟ್ಟಿತು. ಆವಕಾಯದ ಹೆಂಗಸು ಡಬ್ಬವನ್ನು ಎದೆಗೊತ್ತಿಕೊಂಡು ಬಾಗಿಲ ಕಡೆ ಹೋದರು. ಆ ಎತ್ತರದಿಂದ ನಮ್ಮ ಹಳೆಯ ಕಟ್ಟಡ ಕಾಣಿಸಿತು, ಮೇಲೆ ಈಗ ಯಾವುದೋ ಬೇರೆ ಹೆಸರು. ನನ್ನ ಕಿಟಕಿ ಯಾವುದೆಂದು ಹುಡುಕಬೇಕಿತ್ತು, ನನ್ನ ಕುರ್ಚಿ ನೆನಪಾಗಬೇಕಿತ್ತು. ಆದರೆ ಕತ್ತು ತಾನಾಗಿ ರಸ್ತೆಯಾಚೆಗೆ, ಚಹಾದ ಅಂಗಡಿಯ ಕಡೆಗೆ ತಿರುಗಿತು. ಅಂಗಡಿ ಅಲ್ಲೇ ಇತ್ತು. ಯಾರೋ ನಾಲ್ಕು ಹುಡುಗಿಯರು ಕಪ್ಪು ಹಿಡಿದು ನಿಂತು ನಗುತ್ತಿದ್ದರು. ಅವರಲ್ಲಿ ಅವಳಿರಲು ಸಾಧ್ಯವಿಲ್ಲ ಎಂದು ಗೊತ್ತಿದ್ದೂ ಒಬ್ಬೊಬ್ಬರ ಮುಖವನ್ನೂ ನೋಡಿದೆ.